ಮೂರನೇ ತರಗತಿಯ ಮೇಡಂ ಅವರಿಗೆ, ಉದುರದ ಎಲೆಗಳ ಬಗ್ಗೆ

ಪ್ರೀತಿಯ ಮೇಡಂ ಅವರಿಗೆ,

ನಾನು ನಿಮ್ಮ ತರಗತಿಯ ಒಬ್ಬ ಹುಡುಗಿಯ ಅಜ್ಜಿ. ಇರುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ದಸರಾ ರಜೆಗೆ ಮೊಮ್ಮಗಳು ಬೆಂಗಳೂರಿನಿಂದ ಬಂದಾಗ ಅವಳ ಜೊತೆ ನಾಲ್ಕು ಜೊತೆ ಬಟ್ಟೆ, ಒಂದು ಬಣ್ಣದ ಪೆನ್ಸಿಲ್ ಡಬ್ಬಿ, ಸುರುಳಿ ಸುತ್ತಿದ ಒಂದು ಚಾರ್ಟ್ ಪೇಪರ್ ಬಂದವು. ಚಾರ್ಟನ್ನು ನಾಲ್ಕು ಚೌಕ ಮಾಡಿ ನಾಲ್ಕು ಋತುಗಳ ಚಿತ್ರ ಬರೆಯಬೇಕು, ಅದು ರಜೆಯ ಹೋಂವರ್ಕ್. ಬರೆದಳು. ರಜೆ ಮುಗಿಸಿ ನಿಮಗೆ ಕೊಟ್ಟಳು. ಮೂರನೇ ಚೌಕದ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ನೀವೊಂದು ಪ್ರಶ್ನೆ ಬರೆದು ವಾಪಸು ಕಳಿಸಿದ್ದೀರಿ: ‘ಆಟಮ್‌ನಲ್ಲಿ ಎಲೆ ಉದುರುವ ಮರ ಎಲ್ಲಿ?’

ಅವತ್ತು ರಾತ್ರಿ ಅವಳು ಫೋನ್ ಮಾಡಿದ್ದಳು. ಅಳಲಿಲ್ಲ, ದನಿ ಮಾತ್ರ ಸಣ್ಣಗಾಗಿತ್ತು. ‘ಅಜ್ಜಿ, ನಾವು ತಪ್ಪು ಬರೆದ್ವಾ?’ ಅಂದಳು. ಆ ‘ನಾವು’ ಅನ್ನುವ ಮಾತಿಗೆ ಉತ್ತರ ಕೊಡಬೇಕಾದವಳು ನಾನೇ ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಿಮಗೊಬ್ಬರಿಗೇ ಅಂಚೆಯಲ್ಲಿ ಕಳಿಸಬಹುದಿತ್ತು. ಎಲ್ಲರೂ ಓದುವ ಹಾಗೆ ಬರೆಯಲು ಒಂದು ಕಾರಣವಿದೆ. ನಾನೂ ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಕಿತ್ತಳೆ ಬಣ್ಣದ ಮರ, ಅದರ ಕೆಳಗೆ ಸ್ವೆಟರ್ ತೊಟ್ಟು ಎಲೆ ಗುಡಿಸುವ ಹುಡುಗ, ಆ ಚಾರ್ಟನ್ನು ನಾನೂ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೆ. ಪಕ್ಕದ ಕಿಟಕಿಯಾಚೆಗೆ ಹೊಡೆ ತುಂಬಿದ ಗದ್ದೆ ಗಾಳಿಗೆ ತೂಗುತ್ತಿತ್ತು. ಮಕ್ಕಳ ಕತ್ತನ್ನು ಒಂದು ದಿನವಾದರೂ ಆ ಕಿಟಕಿಯ ಕಡೆ ತಿರುಗಿಸಲಿಲ್ಲ. ನಮ್ಮ ಊರಿಗೆ ಶರತ್ಕಾಲವೇ ಬರುವುದಿಲ್ಲ, ಅದೇನಿದ್ದರೂ ಪುಸ್ತಕದೊಳಗೆ ಬರುವಂಥದ್ದು ಎಂದು ನಂಬಿ ಎಷ್ಟೋ ಮಕ್ಕಳು ನನ್ನ ತರಗತಿ ದಾಟಿ ಹೋದರು. ಆ ನೋವು ನನಗಿದೆ. ಹಾಗಾಗಿ ಇದನ್ನು ತಪ್ಪು ಹುಡುಕುವ ಪತ್ರ ಎಂದು ದಯವಿಟ್ಟು ಓದಬೇಡಿ.

ಆ ಮೂರನೇ ಚೌಕ ಹೇಗೆ ತುಂಬಿತು ಎಂದು ಹೇಳುತ್ತೇನೆ.

ಬಂದ ಮಾರನೇ ದಿನವೇ ಅವಳು ಅಂಗಳದಲ್ಲಿ ನಿಂತು ಸುತ್ತ ನೋಡಿ, ‘ಅಜ್ಜಿ, ಇಲ್ಲಿ ಎಲ್ಲಾ ಹಸಿರೇ ಇದೆಯಲ್ಲ, ಆಟಮ್ ಯಾವಾಗ ಬರುತ್ತೆ?’ ಎಂದು ಕೇಳಿದಳು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಬೆಳಿಗ್ಗೆ ಬೇಗ ಏಳು, ತೋರಿಸುತ್ತೇನೆ ಎಂದು ಮಾತ್ರ ಹೇಳಿದೆ. ಮಾರನೇ ದಿನ ಆರು ಗಂಟೆಗೆ ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋದೆ. ಪಾರಿಜಾತದ ಮರದ ಕೆಳಗೆ ನೆಲವೇ ಕಾಣುತ್ತಿರಲಿಲ್ಲ. ರಾತ್ರಿ ಅರಳಿ ಬೆಳಕು ಹರಿಯುವಾಗ ತಾನಾಗಿ ಉದುರುವ ಹೂವು, ಬಿಳಿ ಎಸಳು, ಕಿತ್ತಳೆ ತೊಟ್ಟು. ಅವಳು ಮಂಡಿಯೂರಿ ಕೂತು ಒಂದೊಂದನ್ನೇ ತೊಟ್ಟು ಮೇಲಾಗಿ ತಿರುಗಿಸಿಡುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಅಷ್ಟಗಲದ ನೆಲ ಕಿತ್ತಳೆಯಾಯಿತು. ‘ಉದುರೋದೂ ಇದೆ, ಆರೆಂಜ್ ಬಣ್ಣವೂ ಇದೆ’ ಎಂದು ಅವಳೇ ತೀರ್ಮಾನಿಸಿದಳು. ಚೌಕದ ಎಡಮೂಲೆಯಲ್ಲಿ ನೀವು ಎಲೆ ಎಂದುಕೊಂಡಿರಬಹುದಾದ ಚುಕ್ಕೆಗಳು ಆ ಹೂವುಗಳು, ಮೇಡಂ.

ಮಧ್ಯಾಹ್ನ ನಾನು ಅವಳಿಗೆ ಹಗಲಿನ ಲೆಕ್ಕ ಹೇಳಿಕೊಟ್ಟೆ. ನಮ್ಮೂರು ಸಮಭಾಜಕ ವೃತ್ತದಿಂದ 14 ಡಿಗ್ರಿ ಉತ್ತರಕ್ಕಿದೆ. ಜೂನ್ ತಿಂಗಳ ಅತಿ ಉದ್ದದ ಹಗಲು ಇಲ್ಲಿ ಸುಮಾರು 13 ಗಂಟೆ, ಡಿಸೆಂಬರಿನ ಅತಿ ಚಿಕ್ಕ ಹಗಲು ಹನ್ನೊಂದೂಕಾಲು ಗಂಟೆಯ ಆಸುಪಾಸು. ಲಂಡನ್ನಿನಲ್ಲಾದರೆ ಹದಿನಾರೂವರೆ ಗಂಟೆಯ ಹಗಲು ಕುಗ್ಗಿ ಎಂಟು ಗಂಟೆಗೂ ಕಡಿಮೆಯಾಗುತ್ತದೆ. ಸೆಪ್ಟೆಂಬರ್ 22 ಅಥವಾ 23ರಂದು ಹಗಲು ರಾತ್ರಿ ಸಮವಾಗಿ, ಅಲ್ಲಿಂದ ಮುಂದೆ ಎರಡೂ ಕಡೆ ರಾತ್ರಿಯೇ ಉದ್ದ. ಅಲ್ಲಿನ ಮೇಪಲ್ ಮರ ಆ ಕುಗ್ಗುವ ಹಗಲನ್ನೂ ಏರುವ ಚಳಿಯನ್ನೂ ಗುರುತಿಸಿ ಎಲೆಯ ಹಸಿರನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಒಳಗಿದ್ದ ಹಳದಿ ಆಗ ಕಾಣುತ್ತದೆ. ನಮ್ಮ ಹಿತ್ತಲಿನ ಸೇವಂತಿಗೆಯೂ ಅದೇ ಕುಗ್ಗುವ ಹಗಲನ್ನು ಕಾದಿರುತ್ತದೆ, ಅದು ಮೊಗ್ಗು ಬಿಡುತ್ತದೆ. ಗದ್ದೆಯಲ್ಲಿ ನಮ್ಮ ಹಳೆಯ ನಾಟಿ ಭತ್ತದ ತಳಿಗಳೂ ಹಾಗೆಯೇ. ಯಾವಾಗ ನೆಟ್ಟರೂ ಹಗಲು ಚಿಕ್ಕದಾಗುವವರೆಗೆ ಅವು ಹೊಡೆ ಬಿಡುವುದಿಲ್ಲ. ಸೂರ್ಯ ಎಲ್ಲರಿಗೂ ಒಂದೇ ಸುದ್ದಿ ಕಳಿಸುತ್ತಾನೆ. ಒಂದು ಮರ ಅದನ್ನು ಕೇಳಿ ಎಲೆ ಕಳಚುತ್ತದೆ, ನಮ್ಮ ಭತ್ತ ಗಬ್ಬವಾಗುತ್ತದೆ. ಮೇಪಲ್ ಮರದ ಚಿತ್ರದಲ್ಲಿ ಸುಳ್ಳಿಲ್ಲ, ಅದು ಇನ್ನೊಂದು ಊರಿನ ಉತ್ತರ ಅಷ್ಟೆ. ಮಕ್ಕಳಿಗೆ ಎರಡನ್ನೂ ತೋರಿಸಬೇಕಿತ್ತು. ನಾನು ಒಂದನ್ನೇ ತೋರಿಸಿದೆ.

ಆಮೇಲೆ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅವತ್ತು ಕತ್ತಿ, ಕುಡುಗೋಲು, ಗುದ್ದಲಿಯ ಜೊತೆ ಪುಸ್ತಕಗಳನ್ನೂ ಒಂದೇ ಮಣೆಯ ಮೇಲೆ ಪೂಜೆಗಿಡುವುದು ವಾಡಿಕೆ. ಇಟ್ಟ ಮೇಲೆ ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಮೊಮ್ಮಗಳು ಬಹಳ ಉತ್ಸಾಹದಿಂದ ನಿಮ್ಮ ಚಾರ್ಟನ್ನೇ ಎಲ್ಲಕ್ಕಿಂತ ಮೇಲೆ ಇಟ್ಟು ಅರಿಶಿನ ಕುಂಕುಮ ಹಚ್ಚಿದಳು. (ಚಾರ್ಟಿನ ತುದಿಯಲ್ಲಿರುವ ಹಳದಿ ಕಲೆ ಅದರದೇ.) ಆದರೆ ಆ ರಾಶಿಯ ಅಡಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯೂ ಇತ್ತು. ದಿನಾ ರಾತ್ರಿ ಸ್ವಲ್ಪ ಸ್ವಲ್ಪವೇ ನಾನದನ್ನು ಓದಿ ಹೇಳುತ್ತಿದ್ದೆ. ತೇಜಸ್ವಿಯವರ ‘ಕಿವಿ’ ಎನ್ನುವ ನಾಯಿಗೆ ಅವಳು ಮನಸೋತಿದ್ದಳು. ಮುಂದೇನಾಯಿತು ಎಂದು ತಿಳಿಯಲು ಪುಸ್ತಕ ತೆಗೆಯುವ ಹಾಗಿಲ್ಲ! ಅವತ್ತಿಡೀ ದೇವರ ಕೋಣೆಯ ಬಾಗಿಲಲ್ಲಿ ಸುಳಿದಾಡಿದಳು. ‘ಬರೀ ಒಂದು ಪೇಜ್ ಅಜ್ಜಿ, ಸರಸ್ವತಿಗೆ ಗೊತ್ತಾಗಲ್ಲ’ ಎಂದಳು. ವಿಜಯದಶಮಿಯ ಬೆಳಿಗ್ಗೆ ಯಾರೂ ಎಬ್ಬಿಸದೆ ಎದ್ದು, ತಲೆಗೆ ನೀರು ಹಾಕಿಸಿಕೊಂಡು, ಮಂಗಳಾರತಿಯ ಬಿಸಿ ಕಣ್ಣಿಗೊತ್ತಿಕೊಂಡ ಕೈಯಿಂದಲೇ ಅಡಿಯ ಪುಸ್ತಕ ಎಳೆದಳು. ಮೇಲಿನ ರಾಶಿ ಪೂರ್ತಿ ಕುಸಿಯಿತು. ಜಗಲಿಯ ಮೇಲೆ ಕೂತು ಅಕ್ಷರ ಕೂಡಿಸಿಕೊಂಡು ತಾನೇ ಓದಿದಳು. ಬೆಂಗಳೂರಿನ ಮನೆಯಲ್ಲಿ ಕನ್ನಡ ಪುಸ್ತಕ ಹಿಡಿಸುವುದೇ ಕಷ್ಟ ಎಂದು ಮಗಳು ಹೇಳುತ್ತಿದ್ದಳು. ಒಂದು ದಿನ ಬೇಡ ಎಂದದ್ದು ಇಷ್ಟು ಕೆಲಸ ಮಾಡಿತು. ಶರತ್ತಿನ ಚೌಕದಲ್ಲಿ ಕುಡುಗೋಲಿನ ಪಕ್ಕ ಒಂದು ಪುಸ್ತಕ ಏಕಿದೆ ಎಂದು ನಿಮಗೆ ಅನ್ನಿಸಿದ್ದರೆ, ಇದು ಕಾರಣ.

ಚೌಕದ ನಡುವೆ ಇರುವ ಬುಟ್ಟಿಯ ಬಗ್ಗೆ ವಿವರವಾಗಿ ಹೇಳಬೇಕು. ಅದು ಭೂಮಣ್ಣಿ ಬುಟ್ಟಿ. ನಮ್ಮ ಕಡೆ ಆಶ್ವಯುಜ ಮಾಸದ ಹುಣ್ಣಿಮೆಯನ್ನು ಭೂಮಿ ಹುಣ್ಣಿಮೆ ಎನ್ನುತ್ತೇವೆ, ಬಯಲುಸೀಮೆಯವರು ಸೀಗೆ ಹುಣ್ಣಿಮೆ ಎನ್ನುತ್ತಾರೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿಕೊಂಡಿರುತ್ತದೆ, ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ಊಟ ಹಾಕುವ ಹಬ್ಬ ಇದು. ಆ ಊಟ ಹೊರುವ ಬುಟ್ಟಿಯನ್ನು ನಮ್ಮ ದೀವರ ಮನೆಗಳಲ್ಲಿ ಹೆಂಗಸರು ವಿಜಯದಶಮಿಯಿಂದಲೇ ಸಿದ್ಧಮಾಡುತ್ತಾರೆ. ಬಿದಿರ ಬುಟ್ಟಿಗೆ ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕಪ್ಪು ಬೇಕಾದರೆ ಅಕ್ಕಿಯನ್ನೇ ಕರಿದಾಗುವಂತೆ ಹುರಿಯಬೇಕು, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನನ್ನ ತಾಯಿ ಒಂದು ಗೆರೆ ಎಳೆಯಲು ಉಸಿರು ಬಿಗಿಹಿಡಿಯುತ್ತಿದ್ದಳು, ಅಷ್ಟು ಸಪೂರ ಗೆರೆ. ನನ್ನ ಕೈ ಈಗ ನಡುಗುತ್ತದೆ. ಮೊಮ್ಮಗಳಿಗೂ ಒಂದು ಮಗ್ಗುಲು ಬಿಟ್ಟುಕೊಟ್ಟೆ. ಅವಳು ಭತ್ತದ ಸಸಿಯೊಂದನ್ನು ಬರೆದಳು. ಗೆರೆ ಸೊಟ್ಟಗಾಯಿತು, ಒರೆಸಲು ಹೋದಾಗ ನಾನು ಬಿಡಲಿಲ್ಲ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಬೇಲಿ ಸಾಲಿನ, ಕಾಡಂಚಿನ ಬಗೆಬಗೆಯ ಸೊಪ್ಪು ಕುದಿಸಿ ಹಚ್ಚಂಬಲಿ, ಕೊಟ್ಟೆ ಕಡುಬು, ಚಿನ್ನಿಕಾಯಿ ಕಡುಬು, ಅಮಟೆಕಾಯಿ ಹಾಕಿದ ಪಲ್ಯ. ಬೆಳಗಾಗುವ ಮುಂಚೆಯೇ ಗಂಡಸರು ಬುಟ್ಟಿ ಹೊತ್ತು ಕೂಗು ಹಾಕುತ್ತಾ ಗದ್ದೆಯ ಅಂಚಿನುದ್ದಕ್ಕೂ ಚರಗ ಚೆಲ್ಲುತ್ತಾರೆ. ಈ ಸಲ ಮೊಮ್ಮಗಳು ಅವಳ ಮಾವನ ಕೈಹಿಡಿದು ಟಾರ್ಚ್ ಬೆಳಕಿನಲ್ಲಿ ಅವರ ಹಿಂದೆಯೇ ಹೋದಳು. ಬೆಳಕಾದ ಮೇಲೆ ನಾವೆಲ್ಲ ಹೋದೆವು. ಭತ್ತದ ಬುಡಕ್ಕೆ ಹೊಸ ಸೀರೆ ಉಡಿಸಿ, ತಾಳಿ ಕಟ್ಟಿ, ಹೂ ಮುಡಿಸಿ ಪೂಜೆ. ಮೊದಲ ಎಡೆ ಭೂಮಿಗೆ, ಆಮೇಲೆ ಕಾಗೆಗೆ, ಇಲಿಗೂ ಒಂದು ಎಡೆ. ‘ಇಲಿ ಭತ್ತ ತಿನ್ನಲ್ವಾ ಅಜ್ಜಿ, ಅದಕ್ಕೂ ಯಾಕೆ?’ ಎಂದು ಕೇಳಿದಳು. ಬಸುರಿ ಮನೆಯ ಊಟಕ್ಕೆ ಬಂದವರನ್ನು ವಾಪಸು ಕಳಿಸುವುದುಂಟೇ ಎಂದು ಅವಳ ಮಾವ ಹೇಳಿದ. ಆಮೇಲೆ ಒದ್ದೆ ಬದುವಿನ ಮೇಲೆ ಬಾಳೆಎಲೆ ಹಾಸಿಕೊಂಡು ಮನೆಮಂದಿಯೆಲ್ಲ ಉಂಡೆವು. ಊಟವಾದ ಮೇಲೆ ಒಂದು ಕಡುಬನ್ನು ಗದ್ದೆಯಲ್ಲೇ ಹೂತೆವು. ಕೊಯ್ಲಿನ ದಿನ ಅದನ್ನು ತೆಗೆಯಬೇಕು. ಈಗ ವಾರಕ್ಕೊಮ್ಮೆ ಫೋನ್ ಮಾಡಿದಾಗಲೂ ನನ್ನ ಆರೋಗ್ಯಕ್ಕಿಂತ ಮೊದಲು ಆ ಕಡುಬಿನ ವಿಚಾರ.

ಇನ್ನುಳಿದ ದಿನಗಳದ್ದು ಸಣ್ಣ ಸಣ್ಣ ಸಂಗತಿ. ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟ ಹಾಗಿದ್ದ ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಜೋಗಕ್ಕೆ ಹೋದೆವು. ಆಷಾಢದಲ್ಲಿ ಮಂಜು ಮುಚ್ಚಿ ಬರೀ ಸದ್ದು ಕೇಳಿ ಬಂದವಳಿಗೆ ಈಗ 253 ಮೀಟರ್ ಬಂಡೆಯ ಮೇಲಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬೇರೆ ಬೇರೆಯಾಗಿ ಕಂಡವು. ಪಂಚಾಯ್ತಿ ಗ್ರಂಥಾಲಯಕ್ಕೆ, ಅದನ್ನೀಗ ಅರಿವು ಕೇಂದ್ರ ಎನ್ನುತ್ತಾರೆ, ಎರಡು ಸಲ ನಡೆದು ಹೋದೆವು. ಹೋಗುವ ದಾರಿಯ ಹಳ್ಳದ ಕಲ್ಲಿನ ಮೇಲೆ ಬೂದು ಸಿಪಿಲೆ ಬಾಲ ಕುಣಿಸುತ್ತಿತ್ತು. ಹಿಮಾಲಯದ ಕಡೆ ಮರಿ ಮಾಡಿ ಸೆಪ್ಟೆಂಬರಿನಲ್ಲಿ ನಮ್ಮ ಘಟ್ಟಕ್ಕೆ ಇಳಿಯುವ ಹಕ್ಕಿ ಅದು. ಚಾರ್ಟಿನಲ್ಲಿ ಅದರ ಬಾಲ ತುಸು ಉದ್ದವಾಗಿದೆ. ಇನ್ನು ದೀಪಾವಳಿ ವಿಶೇಷಾಂಕಗಳು ಬರುವ ಹೊತ್ತಿಗೆ ಅಡಿಕೆ ಕೊನೆ ಇಳಿದು ರಾತ್ರಿ ಸುಲಿಯುವ ಕೆಲಸ ಶುರುವಾಗುತ್ತದೆ. ನಾನು ಚಿಕ್ಕವಳಿದ್ದಾಗ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರಿಗೆ ಲಾಟೀನು ಬೆಳಕಿನಲ್ಲಿ ಕತೆ ಓದಿ ಹೇಳುವ ಕೆಲಸ ನನ್ನದಾಗಿತ್ತು. ಅಕ್ಷರ ಬಾರದ ಅವರು ಕತೆಯಲ್ಲಿ ಯಾರಾದರೂ ಅನ್ಯಾಯ ಮಾಡಿದರೆ ಕತ್ತಿ ನಿಲ್ಲಿಸಿ ಬಯ್ಯುತ್ತಿದ್ದರು. ನಾನು ಟೀಚರ್ ಆದದ್ದು ಆ ಅಡಿಕೆ ಚಪ್ಪರದ ಕೆಳಗೆ. ಮೊಮ್ಮಗಳಿಗೆ ಅದನ್ನು ತೋರಿಸಲಾಗಲಿಲ್ಲ, ಅಷ್ಟರಲ್ಲಿ ಶಾಲೆ ಶುರುವಾಗಿತ್ತು.

ಒಂದು ವಿಷಯ ಬಾಕಿ ಇದೆ. ನಿಮ್ಮ ಪ್ರಶ್ನೆಯನ್ನು ಅವಳು ಫೋನಿನಲ್ಲಿ ಓದಿ ಹೇಳಿದ ಮೇಲೆ ನಾವಿಬ್ಬರೂ ಎಲೆಗಳ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ನಿಮ್ಮ ಶಾಲೆಯ ಕಾಂಪೌಂಡಿನಲ್ಲಿ ಒಂದು ಬಾದಾಮಿ ಮರವಿದೆಯಂತೆ, ಅದರ ಎಲೆ ಕೆಂಪಾಗಿ ಉದುರುತ್ತದೆ ಎಂದು ಅವಳೇ ನೆನಪಿಸಿದಳು. ನಿಜ, ಆದರೆ ಯಾವಾಗ? ಚಳಿಗಾಲದಲ್ಲಿ. ನಮ್ಮ ತೇಗ, ಮತ್ತಿ, ಬೂರುಗ ಎಲ್ಲವೂ ಎಲೆ ಕಳಚುವುದು ನೀರು ಕಡಿಮೆಯಾಗುವ ಶಿಶಿರದಲ್ಲಿ. ನಮ್ಮ ಹಿರಿಯರು ವರ್ಷವನ್ನು ಆರು ಋತು ಮಾಡಿದ್ದು ಸುಮ್ಮನೆ ಅಲ್ಲ. ನಾಲ್ಕು ಚೌಕದಲ್ಲಿ ನಮ್ಮ ವರ್ಷ ಹಿಡಿಸುವುದಿಲ್ಲ. ಇನ್ನು ನಮ್ಮಲ್ಲಿ ಕೆಂಪು ಎಲೆ ಎಂದರೆ ಹೆಚ್ಚಾಗಿ ಹುಟ್ಟುವ ಎಲೆ. ಮಾವಿನ ತಳಿರನ್ನು ನೋಡಿ, ಎಷ್ಟು ಕೆಂಪಗೆ, ಎಷ್ಟು ಮೆದುವಾಗಿ ಬರುತ್ತದೆ. ಅಲ್ಲಿ ಸಾಯುವ ಎಲೆಗೆ ಬರುವ ಬಣ್ಣ ಇಲ್ಲಿ ಕೂಸಿಗೆ ಬರುತ್ತದೆ. ಇದನ್ನು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪೆನ್ಸಿಲ್ ತರುತ್ತೇನೆ ಎಂದು ಫೋನ್ ಇಟ್ಟಳು.

ಮೇಡಂ, ಸೋಮವಾರ ಚಾರ್ಟ್ ಮತ್ತೆ ನಿಮ್ಮ ಮೇಜಿಗೆ ಬರುತ್ತದೆ. ಚಿತ್ರದಲ್ಲಿ ಅವಳು ಏನನ್ನೂ ಬದಲಾಯಿಸಿಲ್ಲ. ನಿಮ್ಮ ಕೆಂಪು ಪ್ರಶ್ನೆಯ ಕೆಳಗೆ ಮಾತ್ರ ಉತ್ತರ ಬರೆದಿದ್ದಾಳೆ. ಅಕ್ಷರ ನನ್ನದಲ್ಲ, ಅವಳದೇ: ‘ಮಿಸ್, ಎಲೆ ಫೆಬ್ರವರಿಯಲ್ಲಿ ಉದುರುತ್ತೆ. ಆಗ ಬರೆದು ತರ್ತೀನಿ. ದಯವಿಟ್ಟು ಇನ್ನೆರಡು ಚೌಕ ಕೊಡಿ.’

ಇಂತಿ,
ನಿಮ್ಮ ವಿದ್ಯಾರ್ಥಿನಿಯ ಅಜ್ಜಿ,
ಸಾಗರ ತಾಲ್ಲೂಕು