ಥೈರಾಯ್ಡ್ ದೊಡ್ಡಮ್ಮ

ಥೈರಾಯ್ಡ್ ದೊಡ್ಡಮ್ಮ ಎಂಬುದು ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಹೇರಳವಾಗಿ ಕಾಣಸಿಗುವ ಒಂದು ಪ್ರಭೇದ. ಮೇ ತಿಂಗಳಲ್ಲೂ ಹೆಗಲ ಮೇಲೆ ಶಾಲು, ಕೈಚೀಲದಲ್ಲಿ ಪ್ಲಾಸ್ಟಿಕ್ ಫೈಲು, ಬಾಯಲ್ಲೊಂದು ಸಂಖ್ಯೆ ಇವು ಗುರುತಿನ ಲಕ್ಷಣಗಳು. ಮದುವೆಮನೆಯಲ್ಲಿ ಬೇರೆ ಹೆಂಗಸರು ಎದುರಿನವರ ಸರ ನೋಡಿದರೆ ಈಕೆ ಸರದ ಹಿಂದಿನ ಕತ್ತು ನೋಡುತ್ತಾಳೆ. ಕೂದಲು ಉದುರುವ ಸೊಸೆಗೂ ಹೊತ್ತೇರಿದರೂ ಏಳದ ಪಕ್ಕದ ಮನೆ ಹುಡುಗನಿಗೂ ಒಂದೇ ಸಲಹೆ: “ಒಂದ್ಸಲ ಟಿಎಸ್‌ಎಚ್ ಮಾಡ್ಸಿಬಿಡು.” ಗೋಡೆ ಗಡಿಯಾರ ಹಿಂದೆ ಬಿದ್ದಾಗಲೂ ಈ ಮಾತು ಅರ್ಧ ಬಾಯಿಗೆ ಬಂದದ್ದುಂಟು.

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯಂತೆ ಅಂಟಿಕೊಂಡಿರುವ, ಸುಮಾರು 20 ಗ್ರಾಂ ತೂಗುವ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಕೊಡದಿದ್ದರೆ ಮೈಯ ಕೆಲಸವೆಲ್ಲ ಮಂದವಾಗುತ್ತದೆ. ಸುಸ್ತು, ಚಳಿ, ಮೈಭಾರ, ಮಲಬದ್ಧತೆ ಒಂದೊಂದಾಗಿ ಬಂದು ಸೇರುತ್ತವೆ. ಆಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಥೈರಾಯ್ಡನ್ನು ಎಬ್ಬಿಸಲು ನೋಡುತ್ತದೆ. ಥೈರಾಯ್ಡ್ ಸೋತಷ್ಟೂ ಟಿಎಸ್‌ಎಚ್ ಏರುತ್ತದೆ. ಈ ತಲೆಕೆಳಗಾದ ಲೆಕ್ಕ ತಿಳಿಯದ ತಂಗಿಯ ಮಗನೊಬ್ಬ, ಸುಮಾರು 4ರೊಳಗೆ ಇರಬೇಕಾದದ್ದು 9 ಬಂದಾಗ ದೊಡ್ಡಮ್ಮನನ್ನು ಅಭಿನಂದಿಸಿದ್ದ. “ಮಾರ್ಕ್ಸ್ ಅಲ್ಲ ಕಣೋ ಅದು, ಕೂಗು. ನೀನು ಏಳದಿದ್ರೆ ನಿಮ್ಮಮ್ಮ ಕೂಗ್ತಾಳಲ್ಲ, ಹಾಗೆ. ಎದ್ದ ಮೇಲೆ ಯಾಕೆ ಕೂಗ್ತಾಳೆ?” ವೈದ್ಯಕೀಯ ಗ್ರಂಥಗಳು ಇದೇ ವಿಷಯಕ್ಕೆ ಎರಡು ಪುಟ ತೆಗೆದುಕೊಳ್ಳುತ್ತವೆ.

ಔಷಧ ಲೆವೊಥೈರಾಕ್ಸಿನ್. ಅಳತೆ ಮೈಕ್ರೋಗ್ರಾಂನಲ್ಲಿ. ದೊಡ್ಡಮ್ಮಂದಿರಲ್ಲಿ ಇದು ಅಂತಸ್ತಿನ ವಿಚಾರ: 25ರವರು ಹೊಸಬರು, 100ರವರ ಮುಂದೆ ಅವರು ದನಿ ಎತ್ತುವಂತಿಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ರೋಗಿಯೊಬ್ಬರಿಗೆ ಕುರಿಯ ಥೈರಾಯ್ಡಿನ ರಸ ಚುಚ್ಚಿ ಈ ಚಿಕಿತ್ಸೆಗೆ ದಾರಿ ಮಾಡಿದರು. ಆ ರೋಗಿ ಮುಂದೆ 28 ವರ್ಷ ಬದುಕಿದರು. ಇದನ್ನು ಊಟದ ಹೊತ್ತಿನಲ್ಲಿ ಹೇಳಿದ್ದು ಅದೇ ತಂಗಿಯ ಮಗ. ಏಕಾದಶಿಯಂದು ಈರುಳ್ಳಿಯ ಹೆಸರನ್ನೂ ಎತ್ತದ ದೊಡ್ಡಮ್ಮ ಮೂರು ದಿನ ಮಾತ್ರೆ ಮುಟ್ಟಲಿಲ್ಲ. ಥೈರಾಕ್ಸಿನ್ನನ್ನು 1927ರಲ್ಲೇ ಪ್ರಯೋಗಶಾಲೆಯಲ್ಲಿ ತಯಾರಿಸಲಾಯಿತು, ಈಗಿನ ಮಾತ್ರೆಗೂ ಕುರಿಗೂ ಸಂಬಂಧವಿಲ್ಲ ಎಂದು ಡಾಕ್ಟರೇ ಫೋನಿನಲ್ಲಿ ಹೇಳಬೇಕಾಯಿತು.

ಮಾತ್ರೆಯನ್ನು ಖಾಲಿಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು. ತಿಂಡಿ, ಕಾಫಿಗೆ ಅರ್ಧದಿಂದ ಒಂದು ಗಂಟೆಯಾದರೂ ಬಿಡಬೇಕು. ಕಾಫಿ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆಗಳ ಅಂತರ ಬೇಕು. ದೊಡ್ಡಮ್ಮ “ಅರ್ಧದಿಂದ” ಎಂಬುದನ್ನು ಬಿಟ್ಟು “ಒಂದು ಗಂಟೆ” ಎಂಬುದನ್ನು ಮಾತ್ರ ಕೇಳಿಸಿಕೊಂಡಿದ್ದಾಳೆ. ಆರಕ್ಕೆ ಮಾತ್ರೆ, ಏಳಕ್ಕೆ ಕಾಫಿ. ಡಿಕಾಕ್ಷನ್ನಿನ ಹದ ಬೇರೆ ಯಾರಿಗೂ ಬಾರದಾದ್ದರಿಂದ, ಥೈರಾಯ್ಡ್ ನೆಟ್ಟಗಿರುವ ಐವರೂ ಏಳರವರೆಗೆ ಫಿಲ್ಟರಿನ ಮುಚ್ಚಳ ನೋಡುತ್ತ ಕೂರುತ್ತಾರೆ.

ಈ ನಿಯಮದ ತೀವ್ರತೆಗೆ ನಂಜನಗೂಡಿನ ಒಂದು ಛತ್ರದಲ್ಲಿ ನಡೆದದ್ದು ಉದಾಹರಣೆ. ಮದುವೆಯ ಬೆಳಗ್ಗೆ ಅಡುಗೆ ಭಟ್ಟರು ಆರಕ್ಕೆ ಕಾಫಿ ಶುರುಮಾಡಿ ಆರೂವರೆಗೆ ಉಪ್ಪಿಟ್ಟಿಗೆ ಕೈಹಾಕುವವರು. ಆಮೇಲೆ ಒಂಬತ್ತರವರೆಗೆ ಕಾಫಿಯಿಲ್ಲ. ದೊಡ್ಡಮ್ಮ ಮಾತ್ರೆ ನುಂಗಿ, ಮೊದಲ ಕಾಫಿಯನ್ನು ಫ್ಲಾಸ್ಕಿಗೆ ತುಂಬಿಸಿ, ತಂಗಿಯ ಮಗನನ್ನು ಉಗ್ರಾಣದಲ್ಲಿ ಅಕ್ಕಿಮೂಟೆಯ ಮೇಲೆ ಕಾವಲಿಗೆ ಕೂರಿಸಿದಳು. ಆರೂ ಮುಕ್ಕಾಲಿಗೆ ಗಂಡಿನ ಸೋದರಮಾವ ಬಂದು “ಕಾಫಿ ಇದೆಯೇನಪ್ಪಾ?” ಎಂದರು. ಬೀಗರಿಗೆ ಇಲ್ಲವೆನ್ನುವುದು ಹೇಗೆ? ಅವರ ಹಿಂದೆಯೇ ಡೋಲಿನವರು ಬಂದರು. ತಳದಲ್ಲಿ ಅರ್ಧ ಲೋಟ ಉಳಿಯಿತು. ಅರ್ಧ ಲೋಟಕ್ಕೆ ಬೈಗುಳ ತಪ್ಪದು, ಪೂರ್ತಿ ಖಾಲಿಯಾದರೂ ಅಷ್ಟೇ ಬೈಗುಳ ಎಂದು ಲೆಕ್ಕ ಹಾಕಿ, ಮೂರು ಗಂಟೆಗೇ ಎದ್ದಿದ್ದ ಕಾವಲುಗಾರ ಅದನ್ನು ತಾನೇ ಕುಡಿದ. ಸರಿಯಾಗಿ ಏಳಕ್ಕೆ ದೊಡ್ಡಮ್ಮ ಬಂದು ಫ್ಲಾಸ್ಕ್ ಅಲ್ಲಾಡಿಸಿದಳು, ಒಂದು ಮಾತೂ ಆಡಲಿಲ್ಲ. ಮದುವೆ ಆಲ್ಬಮ್ಮಿನಲ್ಲಿ ಎಲ್ಲರೂ ವಧೂವರರನ್ನು ನೋಡುತ್ತಿದ್ದರೆ ಆಕೆ ಮಾತ್ರ ಉಗ್ರಾಣದ ಕಡೆ ನೋಡುತ್ತಿದ್ದಾಳೆ. ಈ ಪ್ರಸಂಗಕ್ಕೆ ಇಲ್ಲಿ ಹೆಚ್ಚು ಜಾಗ ಸಂದಿತೆಂದು ಕಂಡರೆ, ಆ ಮನೆಯಲ್ಲಿ ಆ ಹುಡುಗನಿಗೆ ಇಂದಿಗೂ ಅರ್ಧ ಲೋಟ ಕಾಫಿಯೇ ಸಿಗುವುದೆಂಬುದನ್ನು ಗಮನಿಸಬೇಕು.

ಡೋಸು ಬದಲಾದರೆ 6ರಿಂದ 8 ವಾರ ಬಿಟ್ಟು ರಕ್ತ ಪರೀಕ್ಷೆ. ಮದ್ದು ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಹಿಡಿಯುವುದರಿಂದ ಅವಸರ ಮಾಡಿ ಪ್ರಯೋಜನವಿಲ್ಲ. ಹದಕ್ಕೆ ಬಂದ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಾಕು. ಟಿಎಸ್‌ಎಚ್‌ಗೆ ಉಪವಾಸ ಬೇಡವೆಂದರೂ ದೊಡ್ಡಮ್ಮ ಉಪವಾಸವಿದ್ದೇ ಹೋಗುತ್ತಾಳೆ. ಉಣ್ಣದೆ ಮಾಡಿದ್ದಕ್ಕೆ ಫಲ ಹೆಚ್ಚು. ಡೋಸು ಅತಿಯಾದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಎದುರು ಮನೆಯವರಿಗೆ ಸಮನಾಗಲು ತಾನೇ 100ಕ್ಕೆ ಏರಿಸಿಕೊಂಡು, ಕೈ ನಡುಗಿ, ಬೈಸಿಕೊಂಡು 75ಕ್ಕೆ ಇಳಿದ ಚರಿತ್ರೆಯೂ ಇದೆ.

ಫೈಲಿನಲ್ಲಿ ರಿಪೋರ್ಟುಗಳು ತಾರೀಖಿನ ಕ್ರಮದಲ್ಲಿವೆ. ಮೊದಲನೆಯದರಲ್ಲಿ 38 ಎಂದಿದೆ; ಅದಕ್ಕೆ ಲ್ಯಾಮಿನೇಶನ್ ಆಗಿದೆ. ಅದಕ್ಕೂ ಹಿಂದಿನ ಮೂರು ವರ್ಷ ಆಕೆ ಮಧ್ಯಾಹ್ನ ಮಲಗಿದರೆ ಅತ್ತೆ ಸೋಮಾರಿತನವೆಂದರು, ಗಂಡ ವಯಸ್ಸಾಯಿತೆಂದರು, ಮಕ್ಕಳು “ಅಮ್ಮ ಯಾವಾಗ್ಲೂ ಹೀಗೇ” ಎಂದರು. ರಿಪೋರ್ಟ್ ಬಂದ ಸಂಜೆ ದೊಡ್ಡಪ್ಪ ಅದನ್ನು ಎರಡು ಸಲ ಓದಿ, ಏನೂ ಹೇಳದೆ ಹುರುಳಿಕಾಯಿ ಹೆಚ್ಚಲು ಕೂತರಂತೆ. ಬಂದವರಿಗೆಲ್ಲ ಆಕೆ ಮೊದಲು ತೋರಿಸುವುದು ಆ ಹಾಳೆಯನ್ನೇ.

ಮಾತ್ರೆಯನ್ನು ರಾತ್ರಿ, ಊಟವಾಗಿ ಮೂರು ಗಂಟೆ ಬಿಟ್ಟು ತೆಗೆದುಕೊಂಡರೂ ಆಗುತ್ತದೆ. ಡಾಕ್ಟರು ಹೀಗೆಂದಾಗ ಜೊತೆಗೆ ಹೋಗಿದ್ದವರ ಮುಖ ಅರಳಿತು. “ಬೇಡಿ ಡಾಕ್ಟ್ರೇ, ಬೆಳಗ್ಗೇನೇ ಇರ್ಲಿ,” ಎಂದಳು ದೊಡ್ಡಮ್ಮ. ಮದುವೆಯಾದ ವರ್ಷದಿಂದ ಐದು ಗಂಟೆಗೆ ಒಲೆಯ ಮುಂದಿರುತ್ತಿದ್ದವಳು ಈಗ ಆರರಿಂದ ಏಳರವರೆಗೆ ಜಗಲಿಯಲ್ಲಿ, ಶಾಲು ಹೊದ್ದು, ಕೈಗಳನ್ನು ಮಡಿಲಲ್ಲಿಟ್ಟು ಪಾರಿಜಾತದ ಗಿಡ ನೋಡುತ್ತ ಕೂರುತ್ತಾಳೆ. ಒಳಗಿನಿಂದ ಯಾರಾದರೂ ಕಾಫಿ ಎಂದರೆ, “ಮಾತ್ರೆ ತೊಗೊಂಡಿದೀನಿ, ಇನ್ನೂ ಹತ್ತು ನಿಮಿಷ ಇದೆ” ಎನ್ನುತ್ತಾಳೆ. ಗಡಿಯಾರ ಆಗ ಏಳೂ ಐದು ತೋರಿಸುತ್ತಿರುತ್ತದೆ.