ವಣಿಗ್ವರಣ ಮೀಮಾಂಸೆ, ಅಥವಾ ಪಿಸಿಬಿ ಮಾಡಿಸುವವರ ಕೈದೀಪ

ಶಾಸ್ತ್ರಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಶಿಷ್ಟರ ಸಂಪ್ರದಾಯವಾದುದರಿಂದ ನಾವೂ ಅದನ್ನು ಮೀರಲಾರೆವು. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಪಿಸಿಬಿ ಎನಿಸುವ ವಿದ್ಯುನ್ಮಂಡಲದ ಫಲಕವೊಂದನ್ನು ಗಣಕದ ತೆರೆಯ ಮೇಲೆ ರಚಿಸಿ ಮುಗಿಸಿ, ಅದರ 5 ಪ್ರತಿಗಳನ್ನು ಮಾತ್ರ ಮಾಡಿಸಿ ನೋಡಬೇಕೆಂದು ಹಂಬಲಿಸುತ್ತ, ಆ 5ಕ್ಕಾಗಿ 5000 ಫಲಕಗಳ ಗಿರಾಕಿಗೆ ಸಲ್ಲುವ ಮರ್ಯಾದೆಯನ್ನು ನಿರೀಕ್ಷಿಸತಕ್ಕ ಮುಮುಕ್ಷು. ವಿಷಯವು ಆ ಫಲಕವನ್ನು ಮಾಡಿ ಬಿಡಿಭಾಗಗಳನ್ನು ಜೋಡಿಸಿಕೊಡುವ ವರ್ತಕನ ಆಯ್ಕೆ. ಸಂಬಂಧವು ಮುಂಗಡ ಹಣ. ಪ್ರಯೋಜನವು, ಫಲಕಕ್ಕೆ ಮೊದಲ ಬಾರಿ ವಿದ್ಯುತ್ತನ್ನು ಹರಿಸಿದಾಗ ಹೊಗೆ ಏಳದಿರುವುದು.

ಕೃತಯುಗದಲ್ಲಿ ಇಂಥ ಶಾಸ್ತ್ರಕ್ಕೆ ಎಡೆಯೇ ಇರಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿಗೆ ವಲಸೆಹೋದ ಪಾಲ್ ಐಸ್ಲರ್ ಎಂಬಾತನು 1936ರ ಸುಮಾರಿನಲ್ಲಿ ತಾಮ್ರದ ತೆಳುಹಾಳೆಯ ಬೇಡದ ಭಾಗವನ್ನು ರಾಸಾಯನಿಕದಿಂದ ಕರಗಿಸಿ ರೇಡಿಯೋ ಮಂಡಲವೊಂದನ್ನು ಮೂಡಿಸಿದಾಗ, ಮಾಡಿಸುವವನೂ ಮಾಡುವವನೂ ಬಹುಮಟ್ಟಿಗೆ ಒಬ್ಬನೇ ಆಗಿದ್ದ ಆ ಅವಸ್ಥೆಯನ್ನು ಅದ್ವೈತವೆನ್ನದೆ ಬೇರೇನೆನ್ನಬೇಕು? ದ್ವೈತವು ತಲೆದೋರಿದ್ದು ಕೋಟೇಶನ್ನಿನೊಡನೆ.

ಕೋಟೇಶನ್ನಿನ ವಿಚಾರದಲ್ಲಿ ಮತಭೇದಗಳು ಅನೇಕವುಂಟು. ಅಲ್ಪಮೂಲ್ಯವಾದಿಗಳ ಮತವೇನೆಂದರೆ, ಚೀನಾದೇಶದ ಶೆನ್‌ಝೆನ್ ನಗರದಲ್ಲಿ ಎರಡು ಪದರದ, 1.6 ಮಿಲಿಮೀಟರ್ ದಪ್ಪದ, ಹಸುರು ಬಣ್ಣದ 5 ಫಲಕಗಳು ಕೆಲವೇ ಡಾಲರಿಗೆ ದೊರೆಯುತ್ತಿರಲಾಗಿ ಮಿಕ್ಕ ವಿಚಾರವೆಲ್ಲವೂ ವ್ಯರ್ಥ. ಆದರೆ ಆ ಬೆಲೆಯು ಸಾಮಾನ್ಯವಾಗಿ 100 ಮಿಲಿಮೀಟರ್ ಚದರದೊಳಗೆ ಅಡಗುವ ವಿನೀತರಿಗೆ ಮಾತ್ರ ಮೀಸಲಾದುದು. ಒಂದೇ ಒಂದು ಮಿಲಿಮೀಟರ್ ಹೆಚ್ಚಿನ ಅಹಂಕಾರವನ್ನು ತಳೆದವನಿಗೆ ಅಲ್ಲಿಯೇ ದಂಡನೆ ಒದಗುವುದು. ಮೇಲಾಗಿ ಕೊರಿಯರ್, ಸೀಮಾಸುಂಕ, ಜಿಎಸ್‌ಟಿ, ಬೆಸುಗೆಯ ಲೇಪ ಹಾಕುವ ಸ್ಟೆನ್ಸಿಲ್, ಯಂತ್ರವನ್ನು ಅಣಿಗೊಳಿಸುವ ಸೆಟಪ್ ಶುಲ್ಕ ಎಂಬ ಪಂಚಭೂತಗಳು ಬಂದು ಸೇರಿಕೊಂಡಾಗ, ಫಲಕದ ಮೂಲ ಬೆಲೆಯು ಬಿಲ್ಲಿನ ಮೂಲೆಯೊಂದರಲ್ಲಿ ನಿರ್ಗುಣ ಬ್ರಹ್ಮದಂತೆ, ಇದ್ದೂ ಲೆಕ್ಕಕ್ಕೆ ಬಾರದೆ ಉಳಿಯುವುದು.

ಸಾಮೀಪ್ಯವಾದಿಗಳು ಇದನ್ನೊಪ್ಪರು. ಪೀಣ್ಯದಲ್ಲಿಯೋ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿಯೋ ಇರುವ ವರ್ತಕನನ್ನು ವರಿಸಿದರೆ, ತಪ್ಪಾದಾಗ ಸ್ಕೂಟರೇರಿ ಹೋಗಿ ಎದುರು ನಿಂತು ವಾದಿಸಬಹುದಲ್ಲವೆ ಎಂಬುದು ಅವರ ಯುಕ್ತಿ. ಬೆಂಗಳೂರಿನ ಈ ತುದಿಯಿಂದ ಆ ತುದಿಗೆ ಸಂಜೆ ಆರರ ವೇಳೆಗೆ ಹೊರಟುನೋಡಿದವರು ಸಾಮೀಪ್ಯವೆಂಬುದು ದೂರಕ್ಕಿಂತ ಕಾಲಕ್ಕೆ ಸಂಬಂಧಿಸಿದ ತತ್ತ್ವವೆಂದು ಬಲ್ಲರು.

ಇನ್ನು ಶೀಘ್ರವಾದಿಗಳು, 5 ಕೆಲಸದ ದಿನಗಳಲ್ಲಿ ಕೊಡುವೆನೆಂದವನನ್ನೇ ಉತ್ತಮನೆಂದು ಬಗೆದು, ಆ ಎಣಿಕೆಯು ಎಂದಿನಿಂದ ಮೊದಲಾಗುವುದೆಂಬುದನ್ನು ಕೇಳಲು ಮರೆಯುತ್ತಾರೆ. ಕಡತ ಕಳುಹಿಸಿದ ದಿನದಿಂದಲ್ಲ. ಕಡತಗಳ ಪರಿಶೀಲನೆ ಮುಗಿದು, ಹಣ ಸಂದು, ಬಿಡಿಭಾಗಗಳೆಲ್ಲವೂ ಕೈಸೇರಿದ ದಿನದಿಂದ. ನಡುವೆ ಚೀನಿಯರ ಹೊಸವರ್ಷ ಬಂದರೆ ಅಲ್ಲಿನ ಕಾರ್ಖಾನೆಗಳು ಬಾಗಿಲು ಮುಚ್ಚುವುವು. ನಮ್ಮ ಆಯುಧಪೂಜೆ ಬಂದರೆ ಜೋಡಣೆಯ ಯಂತ್ರವು ಕುಂಕುಮವನ್ನಿಟ್ಟುಕೊಂಡು ವಿಶ್ರಮಿಸುವುದು.

ಹಾಗಾದರೆ ಯೋಗ್ಯನಾದ ವರ್ತಕನನ್ನು ಯಾವ ಪ್ರಮಾಣದಿಂದ ಅರಿಯತಕ್ಕದ್ದು? ಪ್ರತ್ಯಕ್ಷವು ಇಲ್ಲಿ ಸೋಲುತ್ತದೆ. ಬಿಜಿಎ ಎಂಬ ಚಿಪ್ಪಿನ ಬೆಸುಗೆಯ ಗುಂಡುಗಳೆಲ್ಲವೂ ಅದರ ಹೊಟ್ಟೆಯಡಿಯಲ್ಲಿ ಮರೆಯಾಗಿರುವುದರಿಂದ ಕ್ಷಕಿರಣವೆಂಬ ದಿವ್ಯದೃಷ್ಟಿಯಿಲ್ಲದವನಿಗೆ ಅವು ಅಗೋಚರ. ಐಪಿಸಿ-ಎ-610 ಎಂಬ ಸ್ಮೃತಿಯು ಬೆಸುಗೆಯ ಗುಣದೋಷಗಳನ್ನು ಮೂರು ವರ್ಗಗಳಲ್ಲಿ ವಿಧಿಸಿದೆಯಾದರೂ, ಪ್ರಾಣರಕ್ಷಕ ಯಂತ್ರಗಳಂಥವಕ್ಕೆ ಹೇಳಿದ ಮೂರನೆಯ ವರ್ಗವನ್ನು ಮಿಣುಕುದೀಪದ ಫಲಕಕ್ಕೂ ಬಯಸುವ ಗಿರಾಕಿಗಳಿರುವಾಗ ಸ್ಮೃತಿಯಾದರೂ ಏನು ಮಾಡೀತು? ಉಳಿದುದು ಶಬ್ದಪ್ರಮಾಣ. “ಆಗುತ್ತೆ ಸಾರ್, ಫೈಲ್ ಕಳಿಸಿ” ಎಂಬುದೇ ಆ ಆಪ್ತವಾಕ್ಯ. ನಾಲ್ಕು ಪದರವೇ? ಆಗುತ್ತೆ ಸಾರ್. ರಂಧ್ರದ ಸುತ್ತ ತಾಮ್ರದ ಬಳೆ ಉಳಿಯಲಾರದಷ್ಟು ಇಕ್ಕಟ್ಟಾಗಿದೆಯೆ? ಅದೂ ಆಗುತ್ತೆ ಸಾರ್. ಎಲ್ಲಕ್ಕೂ ಅಸ್ತು ಎನ್ನುವ ಈ ವರ್ತಕನು ಮೊದಲ ಭೇಟಿಯಲ್ಲಿ ದೇವತೆಯಂತೆ ಕಾಣುವನೆಂಬುದರಲ್ಲಿ ಸಂಶಯವಿಲ್ಲ. ವರಗಳನ್ನು ಧಾರಾಳವಾಗಿ ಕೊಟ್ಟ ದೇವತೆಗಳಿಂದ ಪುರಾಣಗಳಲ್ಲಿ ಏನೇನು ಆಯಿತೆಂಬುದನ್ನು ಬಲ್ಲವರು ಮಾತ್ರ ಕೊಂಚ ಹಿಂಜರಿದಾರು.

ಆದುದರಿಂದ ಸಿದ್ಧಾಂತವು ಹೀಗೆ: ಹಣ ಪಡೆಯುವ ಮುನ್ನವೇ ಪ್ರಶ್ನೆಗಳಿಂದ ಗಿರಾಕಿಯನ್ನು ಪೀಡಿಸುವ ವರ್ತಕನೇ ಗ್ರಾಹ್ಯನು. ಏತಕ್ಕೆಂದರೆ, ಫಲಕದ ಪದರಗಳ ಚಿತ್ರಗಳಾದ ಗರ್ಬರ್ ಕಡತಗಳು, ರಂಧ್ರಗಳ ಕಡತ, ಬಿಡಿಭಾಗಗಳ ಪಟ್ಟಿಯಾದ ಬಾಮ್, ಸ್ಥಾನಸೂಚಿ ಇವಿಷ್ಟನ್ನು ಕಳುಹಿಸಿದ ಮಾತ್ರಕ್ಕೆ ಫಲಕದ ಸ್ವರೂಪವು ನಿಶ್ಚಯವಾಗದು. ಜೋಡಣೆಯ ಯಂತ್ರವು ಒಂದೊಂದು ಬಿಡಿಭಾಗವನ್ನೂ ಅದರ ಸ್ಥಾನ, ತಿರುವಿನ ಕೋನಗಳನ್ನು ನೋಡಿ ಇಡುವುದಷ್ಟೆ. ಶೂನ್ಯಕೋನವೆಂದರೆ ಯಾವ ದಿಕ್ಕು? ರಚನಾಕಾರನ ಲೈಬ್ರರಿಯ ಶೂನ್ಯವು ಒಂದು. ಚಿಪ್ಪು ಸುತ್ತಿಕೊಂಡು ಬರುವ ರೀಲಿನ ಶೂನ್ಯವು ಮತ್ತೊಂದು. ಶೂನ್ಯದ ಸ್ವರೂಪವನ್ನು ಕುರಿತು ಹಿಂದಿನ ದಾರ್ಶನಿಕರು ಎಷ್ಟು ಕಾದಾಡಿದರೂ ಡಯೋಡ್ ಸುಟ್ಟುಹೋಗಿರಲಿಲ್ಲ. “ಡಿ3 ಡಯೋಡಿನ ಕ್ಯಾಥೋಡ್ ಯಾವ ಕಡೆಗೆ? ಯು4ಕ್ಕೆ ನೀವು ಬರೆದ ಚಿಪ್ಪಿನ ಕಾಲುಗಳು ಫಲಕದ ಪ್ಯಾಡಿಗಿಂತ ಅಗಲವಾಗಿವೆ, ನೋಡಿದಿರಾ? ಆ ಕೆಪಾಸಿಟರಿನ ಎರಡು ಪ್ಯಾಡುಗಳಲ್ಲಿ ಒಂದು ಮಾತ್ರ ದೊಡ್ಡ ತಾಮ್ರಕ್ಕೆ ಅಂಟಿದೆ, ಇರಲೇ?” ಎಂದು ವರ್ತಕನು ಕೇಳಿದರೆ ಕೋಪಿಸಿಕೊಳ್ಳಲಾಗದು. ಕಡೆಯ ಪ್ರಶ್ನೆಯಂತೂ ಪರಮ ಸೂಕ್ಷ್ಮವಾದುದು: ಕುಲುಮೆಯಲ್ಲಿ ಸೀಸರಹಿತ ಬೆಸುಗೆಯು ಸುಮಾರು 217 ಡಿಗ್ರಿಯಲ್ಲಿ ಕರಗತೊಡಗುವಾಗ, ದೊಡ್ಡ ತಾಮ್ರಕ್ಕೆ ಶಾಖವನ್ನು ಕಳೆದುಕೊಂಡ ಪ್ಯಾಡು ಹಿಂದುಳಿದು, ಮೊದಲು ಕರಗಿದ ಕಡೆಯ ಬೆಸುಗೆಯು ತನ್ನ ಮೇಲ್ಮೈ ಎಳೆತದಿಂದ ಆ ಸಾಸಿವೆಗಾತ್ರದ ಕೆಪಾಸಿಟರನ್ನು ನೆಟ್ಟಗೆ ಎಬ್ಬಿಸಿ ಒಂಟಿಕಾಲಿನಲ್ಲಿ ನಿಲ್ಲಿಸಿಬಿಡುವುದುಂಟು.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: ಪ್ರಶ್ನೆಗಳಿಂದ ವಿಳಂಬವಾಗದೆ? ಆಗುವುದು ನಿಜ, ಆದರೆ ವರ್ತಕನು ಸೋಮವಾರ ಕೇಳಿದ ಪ್ರಶ್ನೆಗೆ ಗುರುವಾರದವರೆಗೂ ಉತ್ತರಿಸದೆ, ಶುಕ್ರವಾರ ಬೆಳಗ್ಗೆ “ಏನ್ರೀ, ಬೋರ್ಡ್ ಎಲ್ಲಿ?” ಎಂದು ಫೋನಿನಲ್ಲಿ ಗರ್ಜಿಸುವ ಗಿರಾಕಿಗೆ ಈ ಶಾಸ್ತ್ರವು ಯಾವ ಪ್ರಾಯಶ್ಚಿತ್ತವನ್ನೂ ವಿಧಿಸಿಲ್ಲ, ತುರ್ತು ಶುಲ್ಕವನ್ನು ಮಾತ್ರ ವಿಧಿಸಿದೆ.