ಕಲ್ಲು ಹಿಡಿಯುವ ಕಂಟ್ರೋಲರ್

ಬಾಳೂರು ಸೀಮೆಯಲ್ಲಿ ಹೋಂಸ್ಟೇ ಹಳತಾಯಿತು. ಬಂಗಲೆ ಹಿಂದಿನ ಸೌದೆ ಕೊಟ್ಟಿಗೆಗೂ ಟೈಲ್ಸ್ ಹಾಕಿಸಿ ‘ಹೆರಿಟೇಜ್ ಕಾಟೇಜ್’ ಎಂದು ಬೋರ್ಡು ನೇತುಹಾಕಿದ್ದಾಯಿತು. ಬೆಂಗಳೂರಿನವರನ್ನು ಜೀಪಿನಲ್ಲಿ ಗುಡ್ಡ ಹತ್ತಿಸಿ, ಸೊಂಟ ಉಳುಕಿಸಿ, ಅದಕ್ಕೆ ಬೇರೆ ಬಿಲ್ಲು ಹಾಕಿ ಕಳಿಸಿದ್ದೂ ಆಯಿತು. ಇನ್ನು ಉಳಿದದ್ದು ಚಕ್ರದ ಮೇಲಿನ ಮನೆಯೊಂದೇ. 2021ರಲ್ಲಿ ಕೇರಳದವರು ‘ಕೇರವಾನ್ ಕೇರಳ’ ಎಂಬ ಯೋಜನೆ ಹೊರಡಿಸಿ, ಆಮೇಲೆ ವಾಗಮಣ್ ಬೆಟ್ಟದಲ್ಲಿ ಕ್ಯಾರವಾನ್ ಪಾರ್ಕನ್ನೇ ತೆರೆದರು. ಆ ಸುದ್ದಿ ಘಾಟಿ ಹತ್ತಿ ಬಂದಾಗಿನಿಂದ ನಮ್ಮ ಕಡೆಯ ಒಬ್ಬ ಸಣ್ಣ ಸಾವ್ಕಾರರಿಗೆ ನಿದ್ದೆ ಇಲ್ಲ. ಹೆಸರು ಬೇಡ. ಹೇಳದೆ ಬಿಟ್ಟರೇ ಹೋಬಳಿಯಲ್ಲಿ ಹತ್ತು ಜನ ‘ಇದು ನನ್ನ ಮೇಲೆ ಬರೆದದ್ದು’ ಅಂದುಕೊಳ್ಳುತ್ತಾರೆ, ಅಷ್ಟು ಸಾಕು.

ಸಣ್ಣ ಸಾವ್ಕಾರರು ಕೆಲವು ವರ್ಷ ಆಸ್ಟ್ರೇಲಿಯಾದಲ್ಲಿದ್ದು ಬಂದವರು. ಹಾಗಾಗಿ ಎಂಜಿನ್ ಸಮೇತದ ಕ್ಯಾರವಾನ್ ಅವರಿಗೆ ಹಿಡಿಸಲಿಲ್ಲ. ಹಾಸಿಗೆ, ಅಡುಗೆಮನೆ, ಕಕ್ಕಸು ಎಲ್ಲ ಇರುವ ಟ್ರೇಲರ್ ಬೇರೆ ಇರಬೇಕು, ಅದನ್ನು ತಮ್ಮ ದೊಡ್ಡ ಗಾಡಿಯ ಹಿಂದೆ ಕೊಂಡಿ ಹಾಕಿ ಎಳೆಯಬೇಕು ಎಂದು ಹಟ. ಟ್ರೇಲರ್ ಹೇಗೋ ಬಂತು. ಅದನ್ನು ಯಾವ ಹೆಸರಿನಲ್ಲಿ ರಿಜಿಸ್ಟರ್ ಮಾಡಿಸಿದರು ಎಂಬುದು ಅವರಿಗೂ ಆರ್‌ಟಿಓ ಏಜೆಂಟನಿಗೂ ಬಿಟ್ಟ ವಿಷಯ. ತಲೆನೋವು ಶುರುವಾದದ್ದು ಬ್ರೇಕ್ ಕಂಟ್ರೋಲರ್ ಆರಿಸುವಾಗ.

ಅದೊಂದು ಅಂಗೈಯಗಲದ ಡಬ್ಬಿ. ಸ್ಟೇರಿಂಗಿನ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ ಕೂರುತ್ತದೆ. ಟ್ರೇಲರ್‌ನ ಡ್ರಮ್ಮಿನೊಳಗೆ ಒಂದು ಮ್ಯಾಗ್ನೆಟ್ ಇರುತ್ತದೆ. ಡಬ್ಬಿ ಕರೆಂಟು ಬಿಟ್ಟ ಕೂಡಲೇ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು, ಒಂದು ತೋಳನ್ನು ಎಳೆದು, ಬ್ರೇಕ್ ಶೂ ಒತ್ತುತ್ತದೆ. ಎಷ್ಟು ಕರೆಂಟು ಬಿಡಬೇಕು ಎನ್ನುವುದರಲ್ಲಿ ಎರಡು ಮತ. ‘ಟೈಮ್ ಡಿಲೇ’ ಮತದ ಡಬ್ಬಿಗೆ ನೀವು ಪೆಡಲ್ ಮುಟ್ಟಿದ್ದೊಂದೇ ಗೊತ್ತು. ಮೆಲ್ಲಗೆ ಮುಟ್ಟಿದಿರೋ, ಎದುರಿಗೆ ಎಮ್ಮೆ ಬಂತೆಂದು ತುಳಿದಿರೋ, ಅದಕ್ಕೆ ಎರಡೂ ಒಂದೇ. ಮೊದಲೇ ಗೊತ್ತು ಮಾಡಿದ ಲೆಕ್ಕದಲ್ಲಿ ಕರೆಂಟು ಏರಿಸುತ್ತಾ ಹೋಗುತ್ತದೆ. ‘ಪ್ರಪೋರ್ಷನಲ್’ ಮತದ ಡಬ್ಬಿಯೊಳಗೆ ಸೆನ್ಸರ್ ಇದೆ. ಗಾಡಿಯ ವೇಗ ಎಷ್ಟು ಜೋರಾಗಿ ಇಳಿಯುತ್ತಿದೆ ಎಂದು ಅಳೆದು, ಹಿಂದಿನದಕ್ಕೂ ಅಷ್ಟೇ ಹಿಡಿತ ಕೊಡುತ್ತದೆ. ಬೆಲೆಯೂ ಅದಕ್ಕೆ ತಕ್ಕ ಹಾಗೆ. ಟೆಕಾನ್ಷಾ, ಕರ್ಟ್, ರೆಡಾರ್ಕ್ ಎಂಬ ಮೂರು ಹೆಸರು ಬಂಗಲೆಯ ಜಗಲಿಯಲ್ಲಿ ವಾರಗಟ್ಟಲೆ ಮೊಳಗಿದವು. ಕಾಫಿ ರೇಟಿನ ಮಾತೂ ಹಿಂದೆ ಬಿತ್ತು ಎಂದರೆ ನೀವೇ ಊಹಿಸಿ.

ಸಣ್ಣ ಸಾವ್ಕಾರರ ವಾದದಲ್ಲಿ ತಪ್ಪೇನೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಟ್ರೇಲರ್ ಭಾರ 750 ಕೆ.ಜಿ. ದಾಟಿತೆಂದರೆ ಅದಕ್ಕೆ ಅದರದೇ ಬ್ರೇಕು ಬೇಕು. 2000 ಕೆ.ಜಿ. ದಾಟಿದರೆ ಎಲ್ಲ ಚಕ್ರಕ್ಕೂ ಬೇಕು, ಕೊಂಡಿ ಕಳಚಿದರೆ ತಾನಾಗಿ ಹಿಡಿಯುವ ಏರ್ಪಾಡೂ ಬೇಕು. ಕೊಟ್ಟಿಗೆಹಾರದಿಂದ ಕಳಸದ ಕಡೆ ಹೊರಟರೆ ರಸ್ತೆ ನೆಟ್ಟಗಿರುವುದೇ ಅಪರೂಪ. ಇತ್ತ ಚಾರ್ಮಾಡಿ ಘಾಟಿ 2019ರ ಆಗಸ್ಟ್ ಮಳೆಯಲ್ಲಿ ಕುಸಿದು ಭಾರಿ ವಾಹನಗಳಿಗೆ ಬಾಗಿಲು ಹಾಕಿಸಿಕೊಂಡ ಘಾಟಿ. ಇಂಥಲ್ಲಿ ಇಳಿಜಾರಿನಲ್ಲಿ ಎರಡು ಟನ್ ಹಿಂದಿನಿಂದ ತಳ್ಳಿದರೆ ಮುಂದಿನ ಗಾಡಿ ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ. “ಮುಂದಿನದರ ಬ್ರೇಕು ಮುಂದಿನದಕ್ಕೆ, ಹಿಂದಿನದರ ಬ್ರೇಕು ಹಿಂದಿನದಕ್ಕೆ. ಜೀವದ ಪ್ರಶ್ನೆ!” ಎಂದು ಅವರು ಮೇಜು ಕುಟ್ಟಿ ಹೇಳಿದರು. ಎದುರು ಕುಳಿತ ಹಿರೀ ಸಾವ್ಕಾರರು ಹೌದೌದೆಂದು ತಲೆಯಾಡಿಸಿದರು.

ಆಗ ಕಣದ ಕಡೆಯಿಂದ ತೋಟದ ಟ್ರ್ಯಾಕ್ಟರ್ ಬಂತು. ಡ್ರೈವರ್ ಇಳಿದು ಬಂದು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ಸಣ್ಣ ಸಾವ್ಕಾರ್ರೇ, ಇದನ್ನ ಎಲ್ಲಿ ಒತ್ತೋದು?”

“ನೀನು ಒತ್ತೋದು ಬೇಡ ಮಾರಾಯ, ಅದೇ ಹಿಡಿಯುತ್ತೆ.”

“ಹಂಗಾರೆ ನಮ್ಮ ಟ್ರೇಲರ್‌ಗೂ ಒಂದು ಹಾಕ್ಸಿ ಕೊಡಿ.”

“ನಿಮ್ಮದಕ್ಕೆ ಎಲೆಕ್ಟ್ರಿಕ್ ಬ್ರೇಕೇ ಇಲ್ಲವಲ್ಲೋ.”

“ಯಾವ ಬ್ರೇಕೂ ಇಲ್ಲ. ಅದಕ್ಕೇ ಕೇಳಿದ್ದು.”

ಹಿರೀ ಸಾವ್ಕಾರರು ಪೇಪರು ಮಗುಚಿದರು. “ಇಷ್ಟು ವರ್ಷದಿಂದ ಓಡಿದೆ, ಏನಾಗಿದೆ ಈಗ?” ಎಂದರು. ನಿಜ, ಏನೂ ಆಗಿಲ್ಲ. ಒಂದು ಸಲ ಹೊಳೆ ತಿರುವಿನಲ್ಲಿ ಮಗುಚಿದ್ದುಂಟು. ರೈಟರ್ ಪುಸ್ತಕದಲ್ಲಿ ಅದು ‘ಹಣ್ಣು ಚೆಲ್ಲಿದ್ದು’ ಎಂಬ ತಲೆಬರಹದಲ್ಲಿದೆ. ಕಾಲು ಮುರಿದವಳ ಸಂಗತಿ ಅದೇ ಪುಟದ ಕೆಳಗೆ ‘ಅಡ್ವಾನ್ಸ್’ ಖಾತೆಯಲ್ಲಿದೆ.

ಕಾನೂನು ಇಲ್ಲವೇ ಎಂದು ಕೇಳಬೇಡಿ, ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 97ನೆಯದು ಟ್ರೇಲರ್ ಬ್ರೇಕಿನ ಮೇಲೆಯೇ ಬರೆದದ್ದು. ನಾಲ್ಕು ಚಕ್ರದವರೆಗಿನ ಟ್ರೇಲರ್‌ಗೆ ಕಡಿಮೆಯೆಂದರೂ ಎರಡು ಚಕ್ರಕ್ಕೆ ಬ್ರೇಕು ಹತ್ತಬೇಕು, ಎಳೆಯುವ ಗಾಡಿಯ ಎಂಜಿನ್ ನಿಂತರೂ ಅದು ಕೆಲಸ ಮಾಡಬೇಕು ಎನ್ನುತ್ತದೆ. ನೆಲದ ಕೆಲಸದ ಉಪಕರಣಗಳಿಗೆ ವಿನಾಯಿತಿ ಉಂಟು. ನಮ್ಮ ತೋಟಗಳಲ್ಲಿ ಐವತ್ತು ಕೆ.ಜಿ.ಯ ಅರವತ್ತು ಮೂಟೆ, ಅದರ ಮೇಲೆ ಹನ್ನೆರಡು ಹೆಂಗಸರು, ಅವರ ಮೇಲೊಂದು ಏಣಿ ಹೊತ್ತು ಟಾರು ರಸ್ತೆಯಲ್ಲಿ ಹೋಗುವ ಟ್ರೇಲರ್ ಕೂಡ ಮನಸ್ಸಿನಲ್ಲಿ ತಾನೊಂದು ನೇಗಿಲು ಎಂದೇ ತಿಳಿದಿದೆ.

ಎಳೆಯುವ ಟ್ರ್ಯಾಕ್ಟರಿನ ಕಥೆಯನ್ನೂ ಹೇಳಬೇಕು. ಅದಕ್ಕೆ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಎಂದು ಎರಡು ಬ್ರೇಕ್ ಪೆಡಲ್. ಗದ್ದೆಯ ಮೂಲೆಯಲ್ಲಿ ಗಕ್ಕನೆ ತಿರುಗಲಿ ಎಂದು ಮಾಡಿದ ಅನುಕೂಲ. ರಸ್ತೆಗೆ ಬಂದಾಗ ಎರಡನ್ನೂ ಒಂದು ಕೊಕ್ಕೆ ಹಾಕಿ ಜೋಡಿಸಬೇಕು. ಕೊಕ್ಕೆ ಎಲ್ಲಿದೆ ಎಂದರೆ, ಟ್ರ್ಯಾಕ್ಟರ್ ತಂದ ವರ್ಷ ಇತ್ತು. ಹೀಗಾಗಿ ಅವಸರದಲ್ಲಿ ಒಂದೇ ಪೆಡಲ್ ತುಳಿದರೆ ಗಾಡಿ ನಿಲ್ಲುವುದಿಲ್ಲ, ಪಕ್ಕಕ್ಕೆ ತಿರುಗುತ್ತದೆ. ಪಕ್ಕದಲ್ಲಿ ನಮ್ಮೂರಲ್ಲಿ ಒಂದೋ ಧರೆ, ಇಲ್ಲವೋ ಪಾತಾಳ. ಇದರ ಮೇಲೆ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸು ಎಂಬ ಬಂಗಲೆಯ ಆರ್ಥಿಕ ನೀತಿ ಬೇರೆ. ಗೇರಿನಲ್ಲಿದ್ದರೆ ಎಂಜಿನ್ನಾದರೂ ಸ್ವಲ್ಪ ಹಿಡಿಯುತ್ತಿತ್ತು.

ಹಾಗಾದರೆ ಟ್ರೇಲರ್ ನಿಲ್ಲುವುದು ಹೇಗೆ? ಹುಡುಗ ನಿಲ್ಲಿಸುತ್ತಾನೆ. ಹುಡುಗ ಎಂದರೆ ಐವತ್ತರ ಮೇಲಾದವನು. ತೋಟದ ಹಾಜರಿ ಪುಸ್ತಕದಲ್ಲಿ ಕೂದಲು ಹಣ್ಣಾದರೂ ಹುಡುಗನೇ. ಟ್ರೇಲರ್‌ನ ಹಿಂದಿನ ಹಲಗೆ ಮೇಲೆ ಕಲ್ಲು ಹಿಡಿದು ಕೂತಿರುತ್ತಾನೆ. ಏರಿನಲ್ಲಿ ಗಾಡಿ ಉಸಿರು ಕಟ್ಟಿ ನಿಂತು ಹಿಂದೆ ಜಾರಲು ಶುರುವಾದರೆ “ಕಲ್ಲು ಕೊಡೋ” ಎಂಬ ಕೂಗು ಬೀಳುತ್ತದೆ. ಇವನು ಹಾರಿ, ಓಡಿ, ಟೈರಿನ ಬುಡಕ್ಕೆ ಕಲ್ಲು ಕೊಡುತ್ತಾನೆ. ನ್ಯಾಯವಾಗಿ ನೋಡಿದರೆ ಸಣ್ಣ ಸಾವ್ಕಾರರು ವಾರಗಟ್ಟಲೆ ಹುಡುಕಿದ್ದೆಲ್ಲ ಇವನಲ್ಲಿದೆ. ಖಾಲಿ ಗಾಡಿಗೆ ಸಣ್ಣ ಕಲ್ಲು, ಲೋಡಿಗೆ ದೊಡ್ಡ ಕಲ್ಲು: ಪ್ರಪೋರ್ಷನಲ್. ಕೂಗಿಗೂ ಕಲ್ಲಿಗೂ ನಡುವೆ ಓಡುವಷ್ಟು ಹೊತ್ತು: ಟೈಮ್ ಡಿಲೇ. ಎಂಜಿನ್ ನಿಂತರೂ ಕೆಲಸ ಮಾಡುತ್ತದೆ: 97ನೇ ನಿಯಮವೂ ಪಾಲನೆಯಾಯಿತು. ಒಂದೇ ಕೊರತೆ, ಈ ಮಾಡೆಲ್‌ಗೆ ಕಾಲುಗಳಿವೆ. ಅವು ಕೆಲವೊಮ್ಮೆ ಟೈರಿನಡಿಗೆ ಸಿಗುತ್ತವೆ.

ಸಿಕ್ಕಿದರೆ ವಿಮೆ ಇಲ್ಲವೇ? ಟ್ರ್ಯಾಕ್ಟರಿನಲ್ಲಿ ಕಾನೂನಿಗೆ ಕಾಣುವ ಸೀಟು ಡ್ರೈವರನದು ಒಂದೇ. ಮಡ್‌ಗಾರ್ಡ್ ಮೇಲೆ ಕೂತವರು, ಟ್ರೇಲರ್‌ನಲ್ಲಿ ನಿಂತವರು ಪಾಲಿಸಿಯ ಕಣ್ಣಿಗೆ ಬೀಳುವುದಿಲ್ಲ. 2007ರಲ್ಲಿ ಇಂಥದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸುವ ಟ್ರಾಲಿಯಲ್ಲಿದ್ದ ಕೂಲಿಯಾಳು. ಟ್ರ್ಯಾಕ್ಟರಿಗೆ ವಿಮೆ ಇದ್ದದ್ದು ಬೇಸಾಯಕ್ಕೆ, ಟ್ರಾಲಿಗೆ ವಿಮೆಯೇ ಇರಲಿಲ್ಲ. ಕಂಪನಿಯ ಹೊಣೆ ಇಲ್ಲ ಎಂದು ಕೋರ್ಟು ಒಪ್ಪಿತು. ಆದರೂ ಆ ಬಡವನ ಮುಖ ನೋಡಿ, ತನ್ನ ವಿಶೇಷ ಅಧಿಕಾರ ಬಳಸಿ, ಮೊದಲು ಕಂಪನಿ ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ದೆಹಲಿಯ ತನಕ ಹೋದರೆ ದಯೆ ಸಿಗುತ್ತದೆ ಎಂದಾಯಿತು. ಬಾಳೂರಿನಿಂದ ಮೂಡಿಗೆರೆಗೆ ಹೋಗಿ ಬರುವುದಕ್ಕೇ ಒಂದು ದಿನದ ಕೂಲಿ ಹೋಗುತ್ತದೆ, ಅದು ಬೇರೆ ಮಾತು.

ಇತ್ತ ಕಂಟ್ರೋಲರ್ ಬಂದು ಕೂತಿತು. ಪ್ರಪೋರ್ಷನಲ್ಲೇ. ಅದನ್ನು ಹದ ಮಾಡುವ ಕ್ರಮ ಹೀಗೆ: ಸಮತಟ್ಟಾದ ಒಣ ರಸ್ತೆಯಲ್ಲಿ ಗಂಟೆಗೆ ನಲವತ್ತು ಕಿ.ಮೀ. ವೇಗದಲ್ಲಿ ಹೋಗುತ್ತಾ, ಡಬ್ಬಿಯ ಕೈಗುಂಡಿ ಒತ್ತಿ ಟ್ರೇಲರ್ ಬ್ರೇಕನ್ನಷ್ಟೇ ಹಿಡಿಸಬೇಕು. ಚಕ್ರ ಕಚ್ಚಿಕೊಂಡು ಜಾರಿದರೆ ಕರೆಂಟು ಇಳಿಸಬೇಕು, ಹಿಡಿತ ಸಾಲದಿದ್ದರೆ ಏರಿಸಬೇಕು. ಸಮತಟ್ಟು ರಸ್ತೆ! ಹೋಬಳಿಯೆಲ್ಲ ಹುಡುಕಿದರು. ಸಿಕ್ಕ ಒಂದೇ ಸಮತಟ್ಟು ಜಾಗ ತೋಟದ ಸಿಮೆಂಟು ಕಣ. ಆಗ ಜನವರಿ. ಅರೇಬಿಕಾ ಮುಗಿಯುತ್ತಾ ಬಂದು ರೊಬಸ್ಟಾ ಕೊಯ್ಲು ಶುರುವಾಗಿ ಕಣದ ತುಂಬ ಹಣ್ಣು ಹರವಿತ್ತು. ಅದನ್ನು ಬೆಳಿಗ್ಗೆ ಗುಡ್ಡೆ ಮಾಡಿಸಿದರು, ಮಧ್ಯಾಹ್ನ ಹರವಿಸಿದರು, ಮತ್ತೆ ಗುಡ್ಡೆ ಮಾಡಿಸಿದರು. ನಲವತ್ತರ ವೇಗಕ್ಕೆ ಕಣ ಸಾಲದೆ ಗಾಡಿ ನೇರ ಪಲ್ಪರ್ ಮನೆ ಬಾಗಿಲಿಗೆ ಹೋಗಿ ನಿಂತಿತು. ನಿಂತದ್ದು ಡಬ್ಬಿಯ ಹೆಚ್ಚುಗಾರಿಕೆ ಎಂದು ಸಣ್ಣ ಸಾವ್ಕಾರರು ಫೋಟೋ ತೆಗೆದರು.

ಮೊದಲ ಅತಿಥಿಗಳು ಬರುವ ಹಿಂದಿನ ದಿನ ಕ್ಯಾರವಾನನ್ನು ವ್ಯೂ ಪಾಯಿಂಟಿಗೆ ಏರಿಸಬೇಕಿತ್ತು. ಮಣ್ಣುದಾರಿ, ಕಡಿದಾದ ಏರು. ದೊಡ್ಡ ಗಾಡಿ ಅರ್ಧಕ್ಕೆ ಹೋಗಿ ಚಕ್ರ ತಿರುಗಿಸುತ್ತಾ ಧೂಳೆಬ್ಬಿಸಿತು, ಮೇಲೆ ಮಾತ್ರ ಹತ್ತಲಿಲ್ಲ. ಟ್ರ್ಯಾಕ್ಟರ್ ತರಿಸಿ ಕೊಂಡಿ ಹಾಕಿದರು. ಏಳು ಪಿನ್ನಿನ ಪ್ಲಗ್ಗನ್ನು ಸಿಕ್ಕಿಸಲು ಟ್ರ್ಯಾಕ್ಟರಿನಲ್ಲಿ ಜಾಗವೇ ಇರಲಿಲ್ಲ. ಕಂಟ್ರೋಲರ್ ಕೆಳಗೆ ದೊಡ್ಡ ಗಾಡಿಯಲ್ಲಿ ಹಸಿರು ದೀಪ ಹೊತ್ತಿಸಿಕೊಂಡು ಕೂತಿತ್ತು. ಪ್ಲಗ್ಗಿನ ವೈರನ್ನು ಬಾಳೆನಾರಿನಲ್ಲಿ ಕಟ್ಟಿ, ಹುಡುಗನನ್ನು ಕರೆದರು.

ಅವನು ಕಲ್ಲು ಹೆಗಲಿಗೇರಿಸಿ ಕ್ಯಾರವಾನಿನ ಹಿಂದೆ ನಡೆದ. ನಾಲ್ಕು ಕಡೆ ಕೊಟ್ಟ, ನಾಲ್ಕು ಕಡೆಯೂ ನಿಂತಿತು. ಐದನೆಯ ಸಲ ಗಾಡಿ ಒಂದು ಮೊಳ ಹಿಂದೆ ಜಾರಿ ಅವನ ಬೆರಳು ಸ್ವಲ್ಪದರಲ್ಲಿ ಉಳಿಯಿತು. ಸಣ್ಣ ಸಾವ್ಕಾರರಿಗೆ ಎದೆ ಧಸಕ್ಕೆಂದಿತು. ಓಡಿ ಬಂದು ಹೇಳಿದರು:

“ಮೆತ್ತಗೆ ಕೊಡೋ ಮಾರಾಯ, ಒಳಗೆ ಗಾಜಿನ ಸಾಮಾನಿದೆ.”